ವಂಶಾವಳಿ, ರಹಸ್ಯ ಮತ್ತು ಕಥನ: ಫಿಲಿಪ್ ಮೆಡೋಸ್ ಟೇಲರ್‌ನ ಬದುಕು

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಉತ್ತರ ಕರ್ನಾಟಕದ ಸಂಸ್ಥಾನಗಳ ಅಳಿವು ಉಳಿವು ಬಹುಮಟ್ಟಿಗೆ ವಂಶಾವಳಿಯ ಪ್ರಶ್ನೆಯಾಗಿತ್ತು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಸರಕಾರ ಮಾನ್ಯ ಮಾಡಲಿಲ್ಲ. ಅದರ ಪರಿಣಾಮ ಸರ್ವವಿದಿತ. ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ ನಿಂಬಾಳಕರನ ಮಗನೆಂದು ಮುಂದಿಡಲಾದ ಮಗುವನ್ನು ಕಂಪನಿ ಒಪ್ಪದೆ, 1839ರಲ್ಲಿ ಆತ ತೀರಿಕೊಂಡೊಡನೆ ಜಹಗೀರನ್ನು ವಶಪಡಿಸಿಕೊಂಡಿತು. ಕಾಗವಾಡದ ನೆರೆಯ ಶೇಡಬಾಳದ ಪಟವರ್ಧನ ಸಂಸ್ಥಾನವೂ ವಾರಸುದಾರನಿಲ್ಲದ ಕಾರಣಕ್ಕೆ 1857ರಲ್ಲಿ ಕಂಪನಿಯ ಪಾಲಾಯಿತು. ಯಾರು ಯಾರ ಮಗ, ಅದಕ್ಕೆ ಸಾಕ್ಷಿ ಏನು, ಆ ಸಾಕ್ಷಿಯನ್ನು ನಂಬುವ ಅಧಿಕಾರ ಯಾರದು ಎಂಬ ಮೂರು ಪ್ರಶ್ನೆಗಳು ಆ ಕಾಲದ ಕಚೇರಿಯ ಕಾಗದಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ. ಚಿಕ್ಕೋಡಿ, ರಾಯಬಾಗ, ಅಥಣಿಗಳ ಸೀಮೆಯನ್ನು ಹಾದು ಪೂರ್ವಕ್ಕೆ ಹರಿಯುವ ಕೃಷ್ಣೆಯ ಕೆಳದಂಡೆಯಲ್ಲಿರುವ ಸುರಪುರದಲ್ಲಿ ಇವೇ ಪ್ರಶ್ನೆಗಳನ್ನು ಹನ್ನೆರಡು ವರ್ಷ ಕೈಯಲ್ಲಿ ಹಿಡಿದು ಕುಳಿತಿದ್ದವನು ಒಬ್ಬ ಕಾದಂಬರಿಕಾರ. ಫಿಲಿಪ್ ಮೆಡೋಸ್ ಟೇಲರ್‌ನ ಹೆಸರು ಕರ್ನಾಟಕದ ಇತಿಹಾಸಕಾರರಿಗೆ ಸುರಪುರದ ಆಡಳಿತಗಾರನಾಗಿ, ಪುರಾತತ್ತ್ವಜ್ಞರಿಗೆ ಬೃಹತ್ ಶಿಲಾ ಸಮಾಧಿಗಳ ಶೋಧಕನಾಗಿ, ಇಂಗ್ಲಿಷ್ ಸಾಹಿತ್ಯದ ಅಭ್ಯಾಸಿಗಳಿಗೆ 1839ರ ಅಪರಾಧ ಕಾದಂಬರಿಯೊಂದರ ಕರ್ತೃವಾಗಿ ಪರಿಚಿತ. ಈ ಮೂವರೂ ಒಬ್ಬನೇ ಎಂಬುದನ್ನು ಬಲ್ಲವರು ಕೂಡ ಈ ಮೂರು ಕೆಲಸಗಳನ್ನು ಒಟ್ಟಿಗೆ ಇಟ್ಟು ನೋಡುವುದು ಕಡಿಮೆ. ಹಾಗೆ ನೋಡಿದಾಗ ಸುರಪುರದ ಇತಿಹಾಸದ ಒಂದು ಮುಖ್ಯ ಆಕರವನ್ನು ಓದುವ ಬಗೆಯೇ ಬದಲಾಗಬೇಕಾಗುತ್ತದೆ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಲಿವರ್‌ಪೂಲಿನಲ್ಲಿ. ತಂದೆ ವ್ಯಾಪಾರಿ, ತಾಯಿ ನಾರ್ತಂಬರ್‌ಲೆಂಡಿನ ಮಿಟ್‌ಫರ್ಡ್ ಎಂಬ ಹಳೆಯ ಜಮೀನುದಾರಿ ಮನೆತನದವಳು. ತಂದೆಯ ವ್ಯವಹಾರ ಕುಸಿದದ್ದರಿಂದ ಹುಡುಗನ ವಿದ್ಯಾಭ್ಯಾಸ ಅರ್ಧಕ್ಕೆ ನಿಂತಿತು. 1824ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಮುಂಬಯಿಯ ಇಂಗ್ಲಿಷ್ ವರ್ತಕನೊಬ್ಬನ ಅಂಗಡಿಯಲ್ಲಿ ಮುಂದೆ ಪಾಲುದಾರನಾಗುವ ಭರವಸೆಯೊಡನೆ ಆತನನ್ನು ಹಡಗು ಹತ್ತಿಸಲಾಯಿತು. ಬಂದು ನೋಡಿದರೆ ಆ ವರ್ತಕನೇ ದಿವಾಳಿಯ ಅಂಚಿನಲ್ಲಿದ್ದ. ಬಂಧುವೊಬ್ಬನ ಪ್ರಭಾವದಿಂದ ಅದೇ ವರ್ಷದ ಕೊನೆಗೆ ಹೈದರಾಬಾದ್ ನಿಜಾಮನ ಸೇನೆಯಲ್ಲಿ ಒಂದು ಹುದ್ದೆ ದೊರೆಯಿತು. ಈ ಆಕಸ್ಮಿಕ ಟೇಲರ್‌ನ ಇಡೀ ಬದುಕನ್ನು ರೂಪಿಸಿತು. ಆತ ನೇರವಾಗಿ ಕಂಪನಿಯ ನೌಕರನಲ್ಲ. ಕಂಪನಿಯ ಅಧಿಕಾರಿಗಳಿಗೆ ಸಹಜವಾಗಿ ಸಿಗುತ್ತಿದ್ದ ಬಡ್ತಿ, ಪದವಿಗಳು ಆತನಿಗೆ ಸಿಗುವಂತಿರಲಿಲ್ಲ. ಆದರೆ ಕಂಪನಿಯ ಎಷ್ಟೋ ಅಧಿಕಾರಿಗಳಿಗೆ ಎಟುಕದಿದ್ದ ಭಾಷಾಜ್ಞಾನ, ದೇಶೀ ದರಬಾರಿನ ಒಳನೋಟ ಎರಡೂ ಆತನಿಗೆ ದಕ್ಕಿದವು. ಹಿಂದೂಸ್ತಾನಿ, ಪಾರಸಿ, ಮರಾಠಿಗಳನ್ನು ಕಲಿತ. ಹದಿನೆಂಟರ ಹರೆಯದಲ್ಲೇ ನಿಜಾಮ ರಾಜ್ಯದ ನೈರುತ್ಯ ಭಾಗದ ಪೊಲೀಸ್ ವ್ಯವಸ್ಥೆಯ ಮೇಲ್ವಿಚಾರಣೆ ಆತನಿಗೆ ಬಂತು. ತುಳಜಾಪುರದ ಸುತ್ತಲಿನ ಆ ಪ್ರದೇಶ ಮುಂದೆ ಆತನ ಕಾದಂಬರಿಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಠಗ್ಗರ ಪ್ರಕರಣ ಆತನ ಬದುಕಿನಲ್ಲಿ ಪ್ರವೇಶಿಸುವುದು ಈ ಹಂತದಲ್ಲಿ. ದಾರಿಹೋಕರೊಡನೆ ಸ್ನೇಹ ಬೆಳೆಸಿ, ವಿಶ್ವಾಸ ಗಳಿಸಿ, ಕೊನೆಗೆ ಕರವಸ್ತ್ರದಿಂದ ಕೊರಳು ಬಿಗಿದು ಕೊಲ್ಲುವ ಗುಂಪುಗಳ ವಿರುದ್ಧ ವಿಲಿಯಂ ಸ್ಲೀಮನ್ ನಡೆಸಿದ ಕಾರ್ಯಾಚರಣೆ 1830ರ ದಶಕದಲ್ಲಿ ದಖ್ಖಣಕ್ಕೂ ವ್ಯಾಪಿಸಿತು. ಮಾಫಿ ಸಾಕ್ಷಿಗಳಾಗಿ ಪರಿವರ್ತಿತರಾದ ಬಂದಿಗಳ ಹೇಳಿಕೆಗಳನ್ನು ದಾಖಲಿಸುವ ಕೆಲಸದಲ್ಲಿ ಟೇಲರ್ ಕೂಡ ಭಾಗಿಯಾದ. ಸ್ಲೀಮನ್‌ನ ತನಿಖೆಯ ಒಂದು ವೈಶಿಷ್ಟ್ಯ ಇಲ್ಲಿ ಗಮನಾರ್ಹ. 1836ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದ 'ರಾಮಸೀಆನಾ' ಎಂಬ ಆತನ ಗ್ರಂಥದಲ್ಲಿ ಠಗ್ಗರ ಗುಪ್ತಭಾಷೆಯ ಶಬ್ದಕೋಶದ ಜೊತೆಗೆ ಠಗ್ಗ ಮನೆತನಗಳ ವಂಶವೃಕ್ಷಗಳೂ ಇವೆ. ಬಂದಿಗಳ ಬಾಯಿಂದ ಕೇಳಿ ಬರೆದುಕೊಂಡ ಈ ವಂಶವೃಕ್ಷಗಳು ಎರಡು ಕೆಲಸ ಮಾಡಿದವು. ಒಂದೆಡೆ, ತಪ್ಪಿಸಿಕೊಂಡವರನ್ನು ಗುರುತಿಸಲು ನೆರವಾದವು. ಇನ್ನೊಂದೆಡೆ, ಅಪರಾಧ ರಕ್ತದಲ್ಲಿ ಹರಿಯುತ್ತದೆ, ತಂದೆಯಿಂದ ಮಗನಿಗೆ ಇಳಿಯುತ್ತದೆ ಎಂಬ ಗ್ರಹಿಕೆಗೆ ಶಾಸ್ತ್ರೀಯತೆಯ ಮುದ್ರೆ ಒತ್ತಿದವು. ಮುಂದೆ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಗೆ ಬೇಕಾದ ಮನೋಭೂಮಿಕೆ ಸಿದ್ಧವಾದದ್ದು ಇಂಥ ಪಟ್ಟಿಗಳ ಮೇಲೆಯೇ. ಠಗ್ಗರು ಎಂಬ ಒಂದೇ ಅಖಿಲ ಭಾರತ ಪಂಥ ಇತ್ತೇ ಎಂಬುದನ್ನು ಇತ್ತೀಚಿನ ಇತಿಹಾಸಕಾರರು ಬಲವಾಗಿ ಪ್ರಶ್ನಿಸಿದ್ದಾರೆ. ಆದರೆ ಟೇಲರ್‌ನ ಕಾಲದ ಅಧಿಕಾರಿಗಳಿಗೆ ಆ ಅನುಮಾನ ಇರಲಿಲ್ಲ.

ಜ್ವರದಿಂದ ಜರ್ಝರಿತನಾಗಿ ಟೇಲರ್ ದೀರ್ಘ ರಜೆಯ ಮೇಲೆ ಇಂಗ್ಲೆಂಡಿಗೆ ಮರಳಿ 1839ರಲ್ಲಿ 'ಕನ್‌ಫೆಶನ್ಸ್ ಆಫ್ ಎ ಠಗ್' ಕಾದಂಬರಿಯನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದ. ಪಟ್ಟಕ್ಕೆ ಬಂದು ಎರಡು ವರ್ಷವಷ್ಟೇ ಆಗಿದ್ದ ವಿಕ್ಟೋರಿಯಾ ರಾಣಿ ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದಳೆಂಬುದು ಪ್ರಸಿದ್ಧ. ಕೃತಿಯ ಜನಪ್ರಿಯತೆಗೆ ಕಾರಣ ಕೊಲೆಗಳ ರೋಚಕತೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಅರ್ಧಸತ್ಯ. ಕಾದಂಬರಿಯ ನಿರೂಪಕ ಅಮೀರ್ ಅಲಿ ಸೆರೆಮನೆಯಲ್ಲಿ ಕುಳಿತು ಒಬ್ಬ ಸಾಹೇಬನಿಗೆ ತನ್ನ ಕತೆ ಹೇಳುತ್ತಾನೆ. ಕೊಲೆಗಾರ ಯಾರು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಮೊದಲ ಪುಟದಿಂದಲೂ ಕೊಲೆಗಾರ ಎದುರಿಗೇ ಕುಳಿತಿದ್ದಾನೆ. ಅಲ್ಲಿರುವ ನಿಜವಾದ ರಹಸ್ಯ ವಂಶದ್ದು. ಅಮೀರ್ ಅಲಿ ಮಗುವಾಗಿದ್ದಾಗ ಆತನ ಹೆತ್ತವರನ್ನು ಠಗ್ಗರು ಕೊಂದಿರುತ್ತಾರೆ. ಆ ಗುಂಪಿನ ನಾಯಕ ಇಸ್ಮಾಯಿಲನೇ ಮಗುವನ್ನು ಉಳಿಸಿ ತನ್ನ ಮಗನಂತೆ ಸಾಕಿ ಬೆಳೆಸುತ್ತಾನೆ. ತಂದೆಯೆಂದು ಪ್ರೀತಿಸಿದವನೇ ತಂದೆಯ ಕೊಲೆಗಾರ ಎಂಬುದು ಅಮೀರ್ ಅಲಿಗೆ ತಿಳಿಯುವುದು ಕೊನೆಯಲ್ಲಿ. ಅಷ್ಟೇ ಅಲ್ಲ, ತಾನು ಕೊಂದ ಹೆಣ್ಣುಗಳಲ್ಲಿ ಒಬ್ಬಳು ತನ್ನ ಒಡಹುಟ್ಟಿದವಳೇ ಎಂಬುದೂ, ಆಕೆಯ ಕೊರಳಿನಿಂದ ತಾನು ತೆಗೆದುಕೊಂಡ ತಾಯಿತದಂತಹ ವಸ್ತುವೊಂದರ ಮೂಲಕ ಬಯಲಾಗುತ್ತದೆ. ನೂರಾರು ಕೊಲೆಗಳನ್ನು ನಿರ್ವಿಕಾರವಾಗಿ ವರ್ಣಿಸಿದವನು ಕುಸಿಯುವುದು ಈ ಒಂದು ಸಂಬಂಧದ ಶೋಧದಲ್ಲಿ.

ಇಂಗ್ಲಿಷಿನಲ್ಲಿ ಪತ್ತೇದಾರಿ ಕಾದಂಬರಿ ಎಂಬ ಪ್ರಕಾರ ಇನ್ನೂ ರೂಪುಗೊಂಡಿರದ ಕಾಲ ಅದು. ವಿಲ್ಕಿ ಕಾಲಿನ್ಸ್‌ನ 'ದ ಮೂನ್‌ಸ್ಟೋನ್' ಬರುವುದು 1868ರಲ್ಲಿ. ಮುಚ್ಚಿಹೋದ ಜನ್ಮರಹಸ್ಯ, ಅದನ್ನು ಬಿಚ್ಚುವ ಸಣ್ಣ ಆಭರಣ, ತಡವಾಗಿ ದೊರೆಯುವ ಸಾಕ್ಷಿ ಇವೆಲ್ಲ ವಿಕ್ಟೋರಿಯಾ ಯುಗದ ಕಾದಂಬರಿಯ ಪರಿಚಿತ ಸಾಮಗ್ರಿಯಾಗುವ ಮೊದಲೇ ಟೇಲರ್ ಅವನ್ನು ಬಳಸಿಕೊಂಡ. ಆತನಿಗೆ ಅವು ದೊರೆತದ್ದು ಲಂಡನ್ನಿನ ಪುಸ್ತಕದಂಗಡಿಗಿಂತ ಹೆಚ್ಚಾಗಿ ದಖ್ಖಣದ ಕಚೇರಿಗಳಲ್ಲಿ ಎಂಬುದು ಮಹತ್ವದ ಸಂಗತಿ. ಮಾಫಿ ಸಾಕ್ಷಿಯ ಹೇಳಿಕೆ, ವಂಶವೃಕ್ಷ, ಗುರುತಿನ ಒಡವೆ ಇವು ಪೊಲೀಸ್ ಕಡತದ ವಸ್ತುಗಳು.

ಇದೇ ಕಾಲದಲ್ಲಿ ಟೇಲರ್‌ನ ಇನ್ನೊಂದು ಪ್ರವೃತ್ತಿಯೂ ಬೆಳಕಿಗೆ ಬಂದಿತ್ತು. ಆತ ಒಳ್ಳೆಯ ಚಿತ್ರಕಾರ. ದಖ್ಖಣದ ಕೋಟೆ, ಮಸೀದಿ, ಬೆಟ್ಟಗುಡ್ಡಗಳನ್ನು ಕುರಿತ ಆತನ ರೇಖಾಚಿತ್ರಗಳು ಕಲ್ಲಚ್ಚಿನಲ್ಲಿ 1837ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಆ ಕಾಲದ ಇಂಗ್ಲಿಷ್ ನಿಸರ್ಗಚಿತ್ರಗಳ ರಮ್ಯ ಶೈಲಿ ಟೇಲರ್‌ನ ಕಾದಂಬರಿಗಳ ವರ್ಣನೆಯಲ್ಲೂ ಇದೆ: ಮುನ್ನೆಲೆಯಲ್ಲಿ ಒಂದು ಮುರಿದ ಕಮಾನು, ನಡುವೆ ಪುಟ್ಟ ಆಕೃತಿಗಳು, ಹಿಂದೆ ಮಬ್ಬು ಬೆಟ್ಟ. ಕತೆ ಓಡುತ್ತಿರುವಾಗಲೂ ಆತ ನಿಂತು ಒಂದು ದೃಶ್ಯವನ್ನು ಚೌಕಟ್ಟಿಗೆ ಹಾಕದೆ ಮುಂದೆ ಹೋಗುವುದಿಲ್ಲ. ಇದು ಓದುಗನ ತಾಳ್ಮೆಯನ್ನು ಪರೀಕ್ಷಿಸುವುದೂ ಉಂಟು.

ರಜೆ ಮುಗಿಸಿ ಮರಳಿದ ಟೇಲರ್‌ನನ್ನು 1841ರಲ್ಲಿ ಸುರಪುರದ ಕೆಲಸಕ್ಕೆ ನೇಮಿಸಲಾಯಿತು. ಸುರಪುರದ ಬೇಡ ನಾಯಕರ ಮನೆತನ ದಖ್ಖಣದ ಇತಿಹಾಸದಲ್ಲಿ ಸಣ್ಣದಲ್ಲ. 1705ರಲ್ಲಿ ವಾಗಣಗೇರಿಯ ಕೋಟೆಯ ಮುಂದೆ ಮುದಿ ಔರಂಗಜೇಬನನ್ನು ತಡೆದು ನಿಲ್ಲಿಸಿದ ನಾಯಕರು ಇವರು. ಆ ಚಕ್ರವರ್ತಿಯ ಕೊನೆಯ ಮುತ್ತಿಗೆ ಅದು. ಆದರೆ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ನಿಜಾಮನಿಗೆ ಸಲ್ಲಬೇಕಾದ ಕಾಣಿಕೆ, ಪಟ್ಟವೇರುವಾಗ ಒಪ್ಪಿಕೊಂಡ ಲಕ್ಷಾಂತರ ರೂಪಾಯಿಗಳ ನಜರಾಣೆ, ಅದಕ್ಕಾಗಿ ಮಾಡಿದ ಸಾಲ ಇವುಗಳ ಭಾರಕ್ಕೆ ಸಂಸ್ಥಾನ ಬಾಗಿತ್ತು. ರಾಜಾ ಕೃಷ್ಣಪ್ಪನಾಯಕ ತೀರಿಕೊಂಡಾಗ ಮಗ ವೆಂಕಟಪ್ಪನಾಯಕ ಇನ್ನೂ ಬಾಲಕ. ರಾಣಿ ಈಶ್ವರಮ್ಮ ಅಧಿಕಾರ ತನ್ನ ಕೈಯಲ್ಲಿರಬೇಕೆಂದಳು. ರೆಸಿಡೆಂಟನ ಕಡೆಯವರು ದಿವಂಗತ ರಾಜನ ತಮ್ಮ ಪಿಡ್ಡನಾಯಕನನ್ನು ಮುಂದೆ ಮಾಡಿದರು. ಇಬ್ಬರ ನಡುವೆ ಬಂದು ನಿಂತವನು ಟೇಲರ್. ನಿಪ್ಪಾಣಿಯಂತೆ ಇಲ್ಲಿ ವಾರಸುದಾರಿಕೆ ವಿವಾದಗ್ರಸ್ತವಾಗಿರಲಿಲ್ಲ. ಮಗುವಿನ ಹಕ್ಕು ಎಲ್ಲರಿಗೂ ಒಪ್ಪಿತವಾಗಿತ್ತು. ವಿವಾದವಿದ್ದದ್ದು ಮಗುವಿನ ಪರವಾಗಿ ಆಳುವವರು ಯಾರು ಎಂಬುದರ ಬಗ್ಗೆ. ಆ ಪ್ರಶ್ನೆಗೆ ಉತ್ತರ ಬಲುಬೇಗ ಟೇಲರ್ ಎಂದಾಯಿತು.

ಹನ್ನೆರಡು ವರ್ಷಗಳ ಈ ಆಡಳಿತವನ್ನು ಕುರಿತು ಸ್ಥಳೀಯ ನೆನಪು ಬಹುಪಾಲು ಒಳ್ಳೆಯದನ್ನೇ ಉಳಿಸಿಕೊಂಡಿದೆ. ಲೆಕ್ಕಪತ್ರಗಳು ಶಿಸ್ತಿಗೆ ಬಂದವು, ರಸ್ತೆಗಳಾದವು, ಬೋನಾಳದ ಕೆರೆ ದುರಸ್ತಿಯಾಗಿ ವಿಸ್ತಾರಗೊಂಡಿತು. ಗುಡ್ಡದ ಮೇಲೆ ಆತ ಕಟ್ಟಿಸಿಕೊಂಡ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದಲೇ ಪರಿಚಿತ. ಮೆಡೋಸ್ ಎಂಬ ಹೆಸರು ದಖ್ಖಣದ ಜನರ ಬಾಯಲ್ಲಿ ಮಹಾದೇವ ಬಾಬಾ ಎಂದಾದದ್ದು ಪ್ರಸಿದ್ಧ. ಇಂಗ್ಲಿಷರ ಬಾಯಲ್ಲಿ ಸುರಪುರ ಶೋರಾಪುರವಾಯಿತು, ಬೇಡರು ಬೇಡರ್ ಆದರು. ಹೆಸರು ಕೆಡುವುದು ಎರಡೂ ಕಡೆಯಿಂದ ನಡೆಯಿತೆನ್ನಬಹುದು. ಆದರೆ ಜನರ ಬಾಯಲ್ಲಿ ಅದು ದೇವರ ಹೆಸರಾಯಿತು ಎಂಬುದನ್ನು ಮರೆಯುವಂತಿಲ್ಲ.

ಸುರಪುರದಲ್ಲಿ ಟೇಲರ್‌ನ ಶೋಧಪ್ರವೃತ್ತಿ ಎರಡು ದಿಕ್ಕಿನಲ್ಲಿ ಹರಿಯಿತು. ಒಂದು, ನಾಯಕರ ವಂಶೇತಿಹಾಸ. ಮನೆತನದ ಕಾಗದಪತ್ರಗಳನ್ನೂ ಹೇಳಿಕೆಗಳನ್ನೂ ಆಧರಿಸಿ ವಾಗಣಗೇರಿಯಿಂದ ಸುರಪುರದವರೆಗಿನ ಪರಂಪರೆಯನ್ನು ಆತ ಕ್ರಮಬದ್ಧಗೊಳಿಸಿದ. ಮುಂದಿನ ಅನೇಕ ಬರಹಗಳು ಈ ಚೌಕಟ್ಟನ್ನೇ ಅನುಸರಿಸಿವೆ. ಇನ್ನೊಂದು, ಭೂಮಿಯೊಳಗಿನ ವಂಶೇತಿಹಾಸ. ರಾಜನಕೋಳೂರು, ಹಗರಟಗಿ, ಭೀಮಾ ತೀರದ ಜೇವರ್ಗಿ ಇಲ್ಲೆಲ್ಲ ಕಾಣುವ ಕಲ್ಮನೆ, ಶಿಲಾವೃತ್ತ, ಸಮಾಧಿಗಳನ್ನು ಅಳೆದು, ಅಗೆದು, ಚಿತ್ರಿಸಿ 1850ರ ದಶಕದ ಆರಂಭದಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಲೇಖನಗಳನ್ನು ಪ್ರಕಟಿಸಿದ. ಇಲ್ಲಿ ಚಿತ್ರಕಾರನ ಕೈ ವಿಜ್ಞಾನಿಯ ಕೆಲಸ ಮಾಡಿದೆ. ಸಮಾಧಿಯನ್ನು ಲಂಬವಾಗಿ ಸೀಳಿದಂತೆ ತೋರಿಸಿ, ಯಾವ ಪದರದಲ್ಲಿ ಎಲುಬು, ಯಾವ ಪದರದಲ್ಲಿ ಮಡಕೆ ಎಂಬುದನ್ನು ಗುರುತಿಸಿದ ಆತನ ಛೇದಚಿತ್ರಗಳು ಆ ಕಾಲಕ್ಕೆ ತೀರ ಮುಂದುವರಿದವು. ಒಂದು ಶತಮಾನದ ಬಳಿಕ, 1954ರಲ್ಲಿ, ಬ್ರಹ್ಮಗಿರಿಯ ಉತ್ಖನನಕಾರ ಮಾರ್ಟಿಮರ್ ವೀಲರ್ ಉತ್ಖನನ ವಿಧಾನವನ್ನು ಕುರಿತ ತನ್ನ ಗ್ರಂಥದಲ್ಲಿ ಅವುಗಳನ್ನು ಮೆಚ್ಚಿ ಎತ್ತಿ ಹೇಳಿದ್ದಾನೆ. ಆದರೆ ಟೇಲರ್‌ನ ನಿರ್ವಚನ ಮಾತ್ರ ಉಳಿಯಲಿಲ್ಲ. ಸುರಪುರದ ಸಮಾಧಿಗಳನ್ನು ಆತ ಬ್ರಿಟನ್, ಐರ್ಲೆಂಡುಗಳ ಸ್ಮಾರಕಗಳೊಡನೆ ಹೋಲಿಸಿ, ಸೆಲ್ಟಿಕ್ ಅಥವಾ ಸಿಥಿಯನ್ ಎಂಬ ಒಂದೇ ಮೂಲವಂಶದ ಕುರುಹುಗಳೆಂದು ಊಹಿಸಿದ. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳು ಮುಖ್ಯವಾಗಿ ಕಬ್ಬಿಣ ಯುಗದವು, ಇಲ್ಲಿಯದೇ ಜನಜೀವನದ ಭಾಗ ಎಂಬುದು ಈಗ ಸಾಮಾನ್ಯವಾಗಿ ಒಪ್ಪಿತ. ರೂಪ ಹೋಲಿದರೆ ರಕ್ತವೂ ಒಂದೇ ಇರಬೇಕೆಂಬ ಆ ತರ್ಕ ಠಗ್ಗರ ವಂಶವೃಕ್ಷ ಬರೆದ ಕಾಲದ ತರ್ಕವೇ ಆಗಿತ್ತು.

ಬಾಲಕ ವೆಂಕಟಪ್ಪನಾಯಕ ಟೇಲರ್‌ನನ್ನು ಅಪ್ಪ ಎಂದು ಕರೆಯುತ್ತಿದ್ದ. ಕನ್ನಡದಲ್ಲಿ ಈ ಪದ ಗೌರವಸೂಚಕವೂ ಹೌದು, ಸಂಬಂಧವಾಚಕವೂ ಹೌದು. ಟೇಲರ್ ಅದನ್ನು ಎರಡನೆಯ ಅರ್ಥದಲ್ಲೇ ಸ್ವೀಕರಿಸಿದಂತಿದೆ. ಪತ್ನಿ ಮೇರಿ 1844ರಲ್ಲಿ ತೀರಿಕೊಂಡಿದ್ದಳು. ಸುರಪುರದ ಮಿಕ್ಕ ವರ್ಷಗಳಲ್ಲಿ ಆತನ ವಾತ್ಸಲ್ಯಕ್ಕೆ ಹತ್ತಿರವಿದ್ದವನು ಈ ಹುಡುಗನೇ. ಇಲ್ಲಿ ಇಸ್ಮಾಯಿಲ್ ಮತ್ತು ಅಮೀರ್ ಅಲಿಯರ ನೆನಪಾಗದಿರದು. ಹೋಲಿಕೆಯನ್ನು ತೀರ ಎಳೆಯುವುದು ಅನ್ಯಾಯ. ಟೇಲರ್ ಯಾರ ಹೆತ್ತವರನ್ನೂ ಕೊಂದವನಲ್ಲ. ಆದರೂ ತಾಯಿಯ ಹಿಡಿತದಿಂದ ಬಿಡಿಸಿ, ತಾನೇ ಬೆಳೆಸಿ, ತನ್ನ ಪ್ರಭುತ್ವದ ಮಾದರಿಗೆ ತಕ್ಕಂತೆ ರೂಪಿಸಲು ಹೊರಟ ಸಾಕುತಂದೆಯ ಸ್ಥಾನದ ಇಕ್ಕಟ್ಟನ್ನು ಆತ ಕಾದಂಬರಿಯಲ್ಲಿ ಮೊದಲೇ ಬರೆದಿದ್ದ ಎಂಬುದು ವಿಚಿತ್ರವಾದ ಸತ್ಯ.

1853ರಲ್ಲಿ ರಾಜ್ಯವನ್ನು ಪ್ರಾಪ್ತವಯಸ್ಕನಾದ ರಾಜನಿಗೆ ಒಪ್ಪಿಸಿ ಟೇಲರ್ ನಳದುರ್ಗದ ಆಡಳಿತಕ್ಕೆ ಹೋದ. ಅದೇ ವರ್ಷದ ಒಪ್ಪಂದದಂತೆ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ನಳದುರ್ಗ ಒಂದು. ಅಲ್ಲಿ ಭೂಮಾಪನ, ಕೆರೆಕಟ್ಟೆಗಳ ಕೆಲಸ ನಡೆಸಿದ. 1857ರಲ್ಲಿ ಬಂಡಾಯ ಎದ್ದಾಗ ವರ್‍ಹಾಡದ ಬುಲಢಾಣಾಕ್ಕೆ ಆತನ ವರ್ಗಾವಣೆಯಾಯಿತು. ಸುರಪುರದಲ್ಲಿ ಅಷ್ಟರೊಳಗೆ ಪರಿಸ್ಥಿತಿ ಬದಲಾಗಿತ್ತು. ಸಂಸ್ಥಾನ ಮತ್ತೆ ಸಾಲದಲ್ಲಿತ್ತು. ಬಂಡಾಯದ ದೂತರು ಓಡಾಡುತ್ತಿದ್ದರು. ರಾಜ ಸೈನ್ಯ ಕೂಡಿಸುತ್ತಿದ್ದಾನೆಂಬ ವರದಿಗಳು ಹೈದರಾಬಾದಿಗೆ ಹೋದವು. 1858ರ ಫೆಬ್ರವರಿಯಲ್ಲಿ ಇಂಗ್ಲಿಷ್ ಪಡೆಗಳು ಸುರಪುರವನ್ನು ಸುತ್ತುವರಿದವು. ಮೊದಲ ಘರ್ಷಣೆಯಲ್ಲೇ ಕ್ಯಾಪ್ಟನ್ ನ್ಯೂಬೆರಿ ಮಡಿದ. ರಾಜ ರಾತ್ರೋರಾತ್ರಿ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಸೈನಿಕ ನ್ಯಾಯಮಂಡಳಿ ವಿಧಿಸಿದ ಮರಣದಂಡನೆ ಮೊದಲು ಗಡೀಪಾರಿಗೆ, ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ, ಹೈದರಾಬಾದಿನಿಂದ ಮೊದಲ ತಂಗುದಾಣದಲ್ಲೇ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಸಿಡಿದ ಗುಂಡಿಗೆ ವೆಂಕಟಪ್ಪನಾಯಕ ಬಲಿಯಾದ. ಆತ ತಾನೇ ಗುಂಡು ಹಾರಿಸಿಕೊಂಡನೆಂಬುದು ಅಧಿಕೃತ ವಿವರಣೆ. ಶಿಕ್ಷೆ ಇಳಿದ ಮೇಲೆ, ಅವಧಿ ಮುಗಿದರೆ ರಾಜ್ಯ ಮರಳಿ ಸಿಗುವ ಆಸೆಯಿದ್ದಾಗ, ಇಪ್ಪತ್ತನಾಲ್ಕರ ಯುವಕ ಹಾಗೇಕೆ ಮಾಡಿದ ಎಂಬ ಪ್ರಶ್ನೆ ಉಳಿದೇ ಇದೆ. ಸುರಪುರದ ಜನಮನ ಅಧಿಕೃತ ವಿವರಣೆಯನ್ನು ಅನುಮಾನದಿಂದಲೇ ನೋಡಿಕೊಂಡು ಬಂದಿದೆ.

ಟೇಲರ್‌ನ ಆತ್ಮಕಥೆ ಈ ಪ್ರಶ್ನೆಗೆ ಒಂದು ಉತ್ತರ ಕೊಡುತ್ತದೆ. ಅದು ಜಾತಕದ ಉತ್ತರ. ಬಾಲಕ ರಾಜನ ಜಾತಕವನ್ನು ಶಾಸ್ತ್ರಿಯೊಬ್ಬ ಬಹು ಹಿಂದೆಯೇ ತನಗೆ ತೋರಿಸಿದ್ದನೆಂದೂ, ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣವೆಂದು ಅದರಲ್ಲಿ ಇತ್ತೆಂದೂ, ರಾಣಿ ಈಶ್ವರಮ್ಮನನ್ನು ಕಾಡುತ್ತಿದ್ದ ಗುಟ್ಟು ಅದೇ ಎಂದೂ, ಆ ಗುಟ್ಟನ್ನು ತಾನು ಕಾಪಾಡಿಕೊಂಡು ಬಂದೆನೆಂದೂ ಟೇಲರ್ ಬರೆಯುತ್ತಾನೆ. ಸೆರೆಯಲ್ಲಿದ್ದ ರಾಜನನ್ನು ಆತ ಭೇಟಿಯಾದ ದೃಶ್ಯ, ಶಿಕ್ಷೆ ಕಡಿಮೆಯಾದಾಗಿನ ಸಮಾಧಾನ, ಆಮೇಲೆ ಸಾವಿನ ವಾರ್ತೆ, ಒಡನೆಯೇ ಜಾತಕದ ನೆನಪು ಹೀಗೆ ನಿ‌ರೂಪಣೆ ಸಾಗುತ್ತದೆ. ಓದುವವರ ಮನಸ್ಸು ಕಲಕುತ್ತದೆ. ಅನುಮಾನ ಹುಟ್ಟಬೇಕಾದದ್ದೂ ಅಲ್ಲಿಯೇ. ಮೊದಲ ಭಾಗದಲ್ಲಿ ಗುಟ್ಟಾಗಿ ತೋರಿಸಲ್ಪಟ್ಟ ಪತ್ರ, ಕೊನೆಯಲ್ಲಿ ಅದರ ನಿಜವಾಗುವಿಕೆ ಎಂಬ ಈ ಹೆಣಿಗೆ ಅಮೀರ್ ಅಲಿಯ ಕೊರಳ ತಾಯಿತದ ಹೆಣಿಗೆಯೇ. ಟೇಲರ್ ಸುಳ್ಳು ಹೇಳಿದ್ದಾನೆ ಎಂದು ಸಾಧಿಸುವ ಅಗತ್ಯವಿಲ್ಲ. ಅಂಥ ಜಾತಕ ಇದ್ದಿರಬಹುದು, ರಾಜನೂ ಅದನ್ನು ನಂಬಿದ್ದಿರಬಹುದು. ಆದರೆ ಈ ಪ್ರಸಂಗ ಬೆಳಕು ಕಂಡದ್ದು ಸಾವಿನ ಎರಡು ದಶಕಗಳ ಬಳಿಕ, ವೃತ್ತಿಪರ ಕಾದಂಬರಿಕಾರನೊಬ್ಬನ ವೃದ್ಧಾಪ್ಯದ ಬರಹದಲ್ಲಿ. ವಿಧಿಯ ಮೇಲೆ ಭಾರ ಹಾಕುವ ಈ ಕಥನ ಕೆಲವು ಲೌಕಿಕ ಪ್ರಶ್ನೆಗಳನ್ನು ಸದ್ದಿಲ್ಲದೆ ಬದಿಗೆ ಸರಿಸುತ್ತದೆ: ತುಂಬಿದ ಪಿಸ್ತೂಲು ಬಂದಿಯ ಕೈಗೆ ಎಟುಕುವಂತೆ ಹೇಗೆ ಉಳಿಯಿತು? 1853ರಲ್ಲಿ ಸುಸ್ಥಿತಿಯಲ್ಲಿದ್ದ ಸಂಸ್ಥಾನ ಐದು ವರ್ಷದೊಳಗೆ ಬಂಡಾಯಕ್ಕೆ ಇಳಿಯುವಂತಾದದ್ದರಲ್ಲಿ ಸಾಕಿದವರ ಪಾಲೆಷ್ಟು? ಈಶ್ವರಮ್ಮನ ಚಿತ್ರಣವನ್ನಂತೂ ಇನ್ನೂ ಎಚ್ಚರದಿಂದ ನೋಡಬೇಕು. ಆಕೆಯ ಒಳಸಂಚು, ದುಂದು, ನಡತೆಗಳ ಬಗ್ಗೆ ಟೇಲರ್ ಬಹು ಕಠೋರವಾಗಿ ಬರೆದಿದ್ದಾನೆ. ಅಧಿಕಾರಕ್ಕಾಗಿ ಆಕೆಯೊಡನೆ ಸ್ಪರ್ಧಿಸಿ ಗೆದ್ದವನು ಆತನೇ ಎಂಬುದನ್ನು ಮರೆತು ಆ ಮಾತುಗಳನ್ನು ಚರಿತ್ರೆಯೆಂದು ಉದ್ಧರಿಸುವ ರೂಢಿ ಕನ್ನಡದಲ್ಲೂ ಬೆಳೆದಿರುವುದು ಸರಿಯಲ್ಲ.

ರಾಜನಿಲ್ಲದ ಸುರಪುರಕ್ಕೆ ಟೇಲರ್ ಮತ್ತೆ ಅಧಿಕಾರಿಯಾಗಿ ಬಂದ. ಮಗುವಿನ ಪರವಾಗಿ ಆಳಿದ ಊರನ್ನು ಈಗ ಗೆದ್ದವರ ಪರವಾಗಿ ಆಳಬೇಕಾಯಿತು. ಆರೋಗ್ಯ ಕೆಟ್ಟು 1860ರಲ್ಲಿ ಭಾರತವನ್ನು ಬಿಟ್ಟ. ಅದೇ ವರ್ಷದ ಒಪ್ಪಂದದಲ್ಲಿ ಬ್ರಿಟಿಷರು ನಿಷ್ಠೆಯ ಬಹುಮಾನವಾಗಿ ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು.

ಡಬ್ಲಿನ್ನಿನ ಬಳಿ ನೆಲೆಸಿದ ಟೇಲರ್ ಮುಂದಿನ ಹದಿನೈದು ವರ್ಷ ಬರೆದದ್ದೆಲ್ಲವೂ ಬಿಟ್ಟುಬಂದ ನೆಲವನ್ನು ಕುರಿತದ್ದು. 1863ರ 'ತಾರಾ' 1657ರ ಬಿಜಾಪುರ ಮತ್ತು ಶಿವಾಜಿಯ ಕಾಲದ್ದು. ರಾಯಬಾಗ, ಅಥಣಿಗಳೆಲ್ಲ ಆದಿಲಶಾಹಿಯ ಪೇಟೆಗಳಾಗಿದ್ದ ಕಾಲ ಅದು. 1865ರ 'ರಾಲ್ಫ್ ಡಾರ್ನೆಲ್' 1757ರ ಪ್ಲಾಸಿ ಕದನದ ಕಾಲದ್ದು. 1872ರ 'ಸೀತಾ' 1857ರದು. ಮೂರರಲ್ಲಿ 'ತಾರಾ' ಕೃತಿ ವಿಸ್ತಾರದಲ್ಲೂ ಸ್ಥಳಜ್ಞಾನದಲ್ಲೂ ಮೇಲು. ಆದರೆ ಟೇಲರ್‌ನ ಬದುಕನ್ನು ಅರಿಯಲು ಹೆಚ್ಚು ಒದಗುವುದು 'ಸೀತಾ'. ಡಕಾಯಿತಿಯೊಂದರಲ್ಲಿ ಗಂಡನನ್ನು ಕಳೆದುಕೊಂಡ ಹಿಂದೂ ವಿಧವೆಯನ್ನು ಇಂಗ್ಲಿಷ್ ನ್ಯಾಯಾಧಿಕಾರಿ ಮದುವೆಯಾಗುವ ಕತೆ ಅದು. 1857ರ ನೆನಪು ಹಸಿಯಾಗಿದ್ದ ಇಂಗ್ಲೆಂಡಿನಲ್ಲಿ ಅಂಥ ಮದುವೆಯನ್ನು ಗೌರವದಿಂದ ಚಿತ್ರಿಸಲು ಧೈರ್ಯ ಬೇಕಿತ್ತು. ಕೊನೆಗೆ ಸೀತೆ ಸಾಯುತ್ತಾಳೆ. ಆ ಧೈರ್ಯಕ್ಕೂ ಒಂದು ಮಿತಿ ಇತ್ತು. ಟೇಲರ್ 1832ರಲ್ಲಿ ಕೈಹಿಡಿದ ಮೇರಿಯ ತಂದೆ ಹೈದರಾಬಾದಿನ ಲೇವಾದೇವಿಗಾರ ವಿಲಿಯಂ ಪಾಮರ್. ಆ ಪಾಮರ್ ಜನರಲ್ ಪಾಮರ್ ಎಂಬ ಇಂಗ್ಲಿಷ್ ಸೇನಾಧಿಕಾರಿಗೂ ಫೈಜ್ ಬಕ್ಷ್ ಎಂಬ ಮುಸ್ಲಿಂ ಬೇಗಮಳಿಗೂ ಹುಟ್ಟಿದವನು. ಠಗ್ಗರ, ನಾಯಕರ, ಶಿಲಾ ಸಮಾಧಿಗಳ ವಂಶವನ್ನೆಲ್ಲ ಕೆದಕಿದ ಟೇಲರ್ ತನ್ನ ಮನೆಯ ಈ ಎಳೆಯನ್ನು ಬಿಡಿಸಲು ಆತ್ಮಕಥೆಗಿಂತ ಕಾದಂಬರಿಯನ್ನೇ ಆಯ್ದುಕೊಂಡಂತಿದೆ.

ಈ ಅವಧಿಯ ಇನ್ನೊಂದು ಮುಖ್ಯ ಕೆಲಸ 1866ರ ಎರಡು ಬೃಹತ್ ಸಚಿತ್ರ ಸಂಪುಟಗಳು. ಒಂದು ಬಿಜಾಪುರದ ವಾಸ್ತುವನ್ನು, ಇನ್ನೊಂದು ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುವನ್ನು ಕುರಿತದ್ದು. ಬಿಗ್ಸ್, ಪಿಗೌ, ನೀಲ್ ಮೊದಲಾದವರು ತೆಗೆದ ಛಾಯಾಚಿತ್ರಗಳಿಗೆ ಚಾರಿತ್ರಿಕ ಟಿಪ್ಪಣಿ ಬರೆದವನು ಟೇಲರ್, ವಾಸ್ತು ಟಿಪ್ಪಣಿ ಜೇಮ್ಸ್ ಫರ್ಗುಸನ್ನನದು. ಹಳೇಬೀಡು, ಹಂಪಿಗಳು ವಿಕ್ಟೋರಿಯಾ ಯುಗದ ಕಲಾಸಕ್ತರ ಮೇಜಿಗೆ ಛಾಯಾಚಿತ್ರವಾಗಿ ತಲುಪಿದ್ದು ಇಂಥ ಸಂಪುಟಗಳ ಮೂಲಕ. ಇವುಗಳ ಮುದ್ರಣಕ್ಕೆ ಹಣ ಕೊಟ್ಟವರು ಮುಂಬಯಿಯ ವರ್ತಕರು. ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿಯ ಬೆಲೆ ಮುಗಿಲಿಗೇರಿದ ವರ್ಷಗಳ ಸಂಪತ್ತು ಅದು. ಅದರಲ್ಲಿ ಧಾರವಾಡ ಸೀಮೆಯ ಎರೆಹೊಲಗಳ ಹತ್ತಿಯ ಪಾಲೂ ಇತ್ತು. ಕೈಚಿತ್ರದಿಂದ ಆರಂಭಿಸಿದ ಟೇಲರ್ ಇಲ್ಲಿ ಛಾಯಾಚಿತ್ರಕ್ಕೆ ಮಾತು ಕೊಡುವ ಕೆಲಸ ಮಾಡಿದ್ದಾನೆ. ಅವನ ಕಣ್ಣು ಕಟ್ಟಡಕ್ಕಿಂತ ಅದನ್ನು ಕಟ್ಟಿಸಿದ ದೊರೆಗಳ ಪೀಳಿಗೆಗಳ ಮೇಲೆಯೇ ಹೆಚ್ಚು ನಿಲ್ಲುತ್ತದೆ.

1869ರಲ್ಲಿ ಆತನಿಗೆ ಸಿ.ಎಸ್.ಐ. ಬಿರುದು ಬಂತು. ಮರುವರ್ಷ ಭಾರತದ ಇತಿಹಾಸವನ್ನು ಕುರಿತ ಪಠ್ಯವೊಂದನ್ನು ಪ್ರಕಟಿಸಿದ. ಕಣ್ಣು ಮಂದವಾಗುತ್ತ ಬಂದಿತ್ತು. 1875ರಲ್ಲಿ ಕೊನೆಯ ಬಾರಿ ಹೈದರಾಬಾದಿಗೆ ಬಂದುಹೋಗುವಾಗ ಆತ ಹೆಚ್ಚುಕಡಿಮೆ ಕುರುಡನಾಗಿದ್ದ. ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂತೋನ್ ಎಂಬಲ್ಲಿ ತೀರಿಕೊಂಡ. ಚಾಂದ್ ಬೀಬಿಯನ್ನು ಕುರಿತ 'ಎ ನೋಬಲ್ ಕ್ವೀನ್' ಕಾದಂಬರಿ ಪುಸ್ತಕವಾಗಿ ಬಂದದ್ದು ಸಾವಿನ ನಂತರ, 1878ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಆತ್ಮಕಥೆ ಎರಡು ಸಂಪುಟಗಳಲ್ಲಿ ಹೊರಬಂದಿತ್ತು. ಮುನ್ನುಡಿ ಬರೆದವನು ಬಂಧು ಹೆನ್ರಿ ರೀವ್. ಹಸ್ತಪ್ರತಿಯನ್ನು ಸಂಪಾದಿಸಿ ಅಚ್ಚಿಗೆ ಸಿದ್ಧಗೊಳಿಸಿದವಳು ಮಗಳು ಆಲಿಸ್, ಫೈಜ್ ಬಕ್ಷ್ ಬೇಗಮಳ ಮರಿಮೊಮ್ಮಗಳು.